ಇವತ್ತ ಸಾಗರ ಪರಚುಬ್ದ ಐತಿ

ಉಗರಗೋಳದಿಂದ ಪಡುವಣಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಮಲಪ್ರಭೆಯ ಹಿನ್ನೀರು ಸಿಗುತ್ತದೆ. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದವರು ಅದಕ್ಕೆ ರೇಣುಕಾ ಸಾಗರ ಎಂದು ಹೆಸರಿಟ್ಟರು. ಸುಮ್ಮನೆ ಕೆರೆ ಎಂದಿದ್ದರೆ, ಇಲ್ಲವೇ ಹೊಂಡ ಎಂದಿದ್ದರೆ ಸತ್ಯಪ್ಪನ ಬದುಕು ಎಲ್ಲರ ಬದುಕಿನಂತೆ ಸುಸೂತ್ರವಾಗಿ ಸಾಗುತ್ತಿತ್ತು. ಸಾಗರ ಎಂದರು. ಅಲ್ಲಿಂದ ಶುರುವಾಯಿತು ನೋಡಿ.

ಸತ್ಯಪ್ಪ ಹುಣಸಿಕಟ್ಟಿ ಅದರ ದಂಡೆಯಲ್ಲಿ ಬೋಟು ನಡೆಸುವವನು. ಹನ್ನೆರಡು ಮಂದಿ ಕೂರುವ, ಹಿಂದೆ ಸಣ್ಣ ಇಂಜಿನ್ ಕಟ್ಟಿದ ಬೋಟು. ಆಚೆ ದಂಡೆಯ ನೇರಲಗಡ್ಡಿಯವರು ಸವದತ್ತಿ ಸಂತೆಗೆ ಬರಬೇಕೆಂದರೆ ರಸ್ತೆಯಲ್ಲಿ ಸುತ್ತಿ ಸುತ್ತಿ ಅರ್ಧ ದಿನ ಹಾಳು. ಬೋಟಿನಲ್ಲಿ ಬಂದರೆ ಇಪ್ಪತ್ತು ನಿಮಿಷ. ಹಾಗಾಗಿ ನೇರಲಗಡ್ಡಿಯ ಕಾಳು, ಕೋಳಿ, ಬಾಣಂತಿ, ಬೀಗರು ಎಲ್ಲರೂ ಸತ್ಯಪ್ಪನ ಬೋಟು ಹತ್ತಲೇಬೇಕು. ಐವತ್ತು ದಾಟಿದ ಗಟ್ಟಿ ಆಳು, ದಪ್ಪ ಮೀಸೆ, ಮೈಮೇಲೆ ಯಾವಾಗಲೂ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೀಟು. ಯಾವಾಗಲೂ ಅಂದರೆ ಯಾವಾಗಲೂ. ಚಹಾದಂಗಡಿಗೂ ಅದೇ, ಸಂತೆಗೂ ಅದೇ. ಸ್ವಂತ ತಮ್ಮನ ಮದುವೆಯ ಫೋಟೊದಲ್ಲಿ ಮದುಮಗನಿಗಿಂತ ಮೊದಲು ಕಣ್ಣಿಗೆ ಬೀಳುವುದು ಸತ್ಯಪ್ಪನ ಜಾಕೀಟು. ಕೇಳಿದರೆ "ಬೆನ್ನಿಗೆ ಬೆಚ್ಚಗ ಇರತೈತ್ರಿ" ಎನ್ನುತ್ತಿದ್ದ. ಏಪ್ರಿಲ್ ಬಿಸಿಲಿನಲ್ಲೂ ಹಾಗೇ ಎನ್ನುತ್ತಿದ್ದ.

ನಿಜ ಸಂಗತಿ ಗೊತ್ತಿದ್ದುದು ಹೆಂಡತಿ ರಾಯವ್ವನಿಗೆ ಮಾತ್ರ. ಸತ್ಯಪ್ಪನಿಗೆ ಈಜು ಬರುತ್ತಿರಲಿಲ್ಲ.

ಇದನ್ನು ಓದಿ ನಗುವವರು ನಗಲಿ. ಇಂಜಿನ್ ನಡೆಸುವುದು ಬೇರೆ, ಈಜುವುದು ಬೇರೆ. ಬಸ್ಸಿನ ಡ್ರೈವರಿಗೆ ಓಡಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಆದರೂ ಬೋಟಿನವನಿಗೆ ಈಜು ಬಾರದೆಂದು ತಿಳಿದರೆ ಯಾರು ತಾನೆ ಹತ್ತುತ್ತಾರೆ? ಆ ಗುಟ್ಟನ್ನು ಅವನು ಹೊಟ್ಟೆಯಲ್ಲಿಟ್ಟುಕೊಂಡು ಹತ್ತು ವರ್ಷ ನೀರಿನ ಮೇಲೆ ಓಡಾಡಿದ್ದ. ಮೂರನೆಯ ವರ್ಷ ಮಾತ್ರ ಒಮ್ಮೆ ಗಾಳಿಗೆ ಸಿಕ್ಕಿದ್ದ. ಮದುವೆ ಮುಗಿಸಿ ಹೊರಟ ಹನ್ನೆರಡು ಮಂದಿ ಬೋಟಿನಲ್ಲಿದ್ದರು. ನಡುನೀರಿನಲ್ಲಿ ಏಕಾಏಕಿ ಗಾಳಿ ಎದ್ದು ಬೋಟು ಬುಗುರಿ ತಿರುಗಿದಂತೆ ತಿರುಗಿತು. ಸತ್ಯಪ್ಪ ಕಣ್ಣು ಮುಚ್ಚಿ ಇಂಜಿನ್ನಿನ ಹಿಡಿ ಗಟ್ಟಿಯಾಗಿ ಹಿಡಿದು ಕುಳಿತಿದ್ದ. ಕಣ್ಣು ಬಿಟ್ಟಾಗ ಬೋಟು ತಾನಾಗಿ ದಂಡೆಗೆ ಬಂದಿತ್ತು. ಮದುವೆಯವರು "ಎಂಥಾ ಗುಂಡಿಗಿ ನಿಂದು!" ಎಂದು ಅವನಿಗೆ ಮಾಲೆ ಹಾಕಿದರು. ಮನೆಗೆ ಬಂದು ಅವನು ಎರಡು ದಿನ ಚಾದರ ಹೊದ್ದು ಮಲಗಿದ. ರಾಯವ್ವ ಊರಿಗೆಲ್ಲ ಜ್ವರ ಎಂದು ಹೇಳಿದಳು.

ಅದಾಗಿ ಕೆಲ ತಿಂಗಳಿಗೆ ಬೋಟಿನವರ, ಮೀನುಗಾರರ ಹೆಸರು ಬರೆದುಕೊಳ್ಳುವ ಶಿಬಿರವೊಂದು ನಡೆಯಿತು. ಬರೆದುಕೊಳ್ಳುತ್ತಿದ್ದವನು ತಲೆ ಎತ್ತದೆ ಕೇಳಿದ:

"ಬೋಟು ಎಲ್ಲಿ ನಡಸ್ತೀರಿ?"

"ಸಾಗರದಾಗ್ರಿ," ಎಂದ ಸತ್ಯಪ್ಪ ಎದೆಯುಬ್ಬಿಸಿ.

"ಸಣ್ಣದೋ, ದೊಡ್ಡದೋ?"

ಸಾಗರ ದೊಡ್ಡದೇ. ಆದರೆ ಕೇಳಿದ್ದು ಬೋಟಿನ ವಿಷಯ ಇರಬಹುದೆಂದು ಸತ್ಯಪ್ಪ "ಸಣ್ಣದ್ರಿ" ಎಂದ. ಬರೆಯುವವನು 'ಸಮುದ್ರ, ಸಣ್ಣ ದೋಣಿ' ಎಂದು ಬರೆದು ಮುಂದಿನವನನ್ನು ಕರೆದ. ಮುಂದಿನ ಮಳೆಗಾಲಕ್ಕೆ ಸತ್ಯಪ್ಪನ ಮೊಬೈಲಿಗೆ ಮೊದಲ ಸಂದೇಶ ಬಂತು.

"ಮೀನುಗಾರರ ಗಮನಕ್ಕೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ ಬೀಸಲಿದೆ. ಅಲೆಗಳ ಎತ್ತರ 3 ಮೀಟರ್. ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಸಣ್ಣ ದೋಣಿಗಳು ನೀರಿಗೆ ಇಳಿಯಬಾರದು. ಜಾಗ್ರತೆಯಿಂದಿರಿ."

ಸತ್ಯಪ್ಪ ಅದನ್ನು ಮೂರು ಸಲ ಓದಿದ. ನಡುವಿನ ಒಂದು ಪದ ನಾಲಿಗೆಗೆ ಒಗ್ಗಲಿಲ್ಲ, ಉಳಿದದ್ದೆಲ್ಲ ಚೆನ್ನಾಗಿ ಒಗ್ಗಿತು. ಅದರಲ್ಲೂ ಕೊನೆಯ ಮಾತು. ಐವತ್ತು ವರ್ಷಕ್ಕೆ ಹತ್ತಿರ ಬಂದವನಿಗೆ ಅದುವರೆಗೆ ಯಾರೂ 'ಜಾಗ್ರತೆಯಿಂದಿರಿ' ಎಂದಿರಲಿಲ್ಲ. ಲಗೂನ ಬಾ, ಲಗೂನ ಬಿಡು, ಇನ್ನಿಬ್ಬರನ್ನ ಹತ್ತಿಸಿಕೊ ಎಂದು ಹೇಳಿದವರೇ ಎಲ್ಲ. ಸರಕಾರವೇ ಕೆಲಸ ಬಿಟ್ಟು ತನ್ನ ಹೆಸರಿಗೆ ಹೀಗೆ ಹೇಳಿ ಕಳಿಸಿದೆ ಎಂದಾಗ ಅವನಿಗೆ ಕಣ್ಣು ಒದ್ದೆಯಾದವು. ಮರುಕ್ಷಣವೇ ದಂಡೆಯಲ್ಲಿ ಕಾಯುತ್ತಿದ್ದವರಿಗೆ ಕೂಗಿ ಹೇಳಿದ:

"ಬೋಟ್ ಇಲ್ರಿ! ಇವತ್ತ ಸಾಗರ ಪರಚುಬ್ದ ಐತಿ!"

ಕಾಯುತ್ತಿದ್ದವರು ನೀರನ್ನು ನೋಡಿದರು. ದಂಡೆಯ ನೀರಿನಲ್ಲಿ ಒಂದು ಕೊಕ್ಕರೆ ತನ್ನ ನೆರಳನ್ನು ನೋಡಿಕೊಳ್ಳುತ್ತ ನಿಂತಿತ್ತು. ಅಷ್ಟು ಶಾಂತ. ಯಾರೋ ಕೇಳಿದರು, ಕಾರವಾರದ ಗಾಳಿಗೂ ನಮಗೂ ಏನು ಸಂಬಂಧ ಎಂದು. ಸತ್ಯಪ್ಪ ತಡವರಿಸಲಿಲ್ಲ.

"ಕಾರವಾರದಾಗ ಎದ್ದ ಗಾಳಿ ಅಲ್ಲೇ ಕುಂದರತೈತೇನ್ರಿ? ಘಟ್ಟ ಹತ್ತತೈತಿ, ಖಾನಾಪುರ ದಾಟತೈತಿ, ಮಲಪ್ರಭಾ ಹೊಳಿ ಹಿಡಕೊಂಡ ಸೀದಾ ಇಲ್ಲಿಗೆ ಬರತೈತಿ. ಅದಕ್ಕ ಬ್ಯಾರೆ ದಾರಿ ಎಲ್ಲೈತಿ ನೀವ ಹೇಳ್ರಿ."

ಕಾಯುತ್ತಿದ್ದವರು ಬುಟ್ಟಿ ಎತ್ತಿಕೊಂಡು ರಸ್ತೆಯ ಕಡೆಗೆ ನಡೆದರು.

ಹೀಗೆ ವರ್ಷಗಳು ಕಳೆದವು. ಸತ್ಯಪ್ಪ ದಂಡೆಯ ಹುಣಸೆ ಮರಕ್ಕೆ ಬಿದಿರಿನ ಕೋಲು ಕಟ್ಟಿ ಬಾವುಟದ ವ್ಯವಸ್ಥೆ ಮಾಡಿದ. ಸಂದೇಶ ಇಲ್ಲದ ದಿನ ಹಸಿರು, ಬಂದ ದಿನ ಕೆಂಪು. ಹಸಿರಿಗೆ ರಾಯವ್ವನ ಕುಬಸದ ಖಣ. ಕೆಂಪಿಗೆ, ಹೇಳಲು ನನಗೇ ಸಂಕಟ, ಅವಳ ಮದುವೆಯ ಇಳಕಲ್ಲ ಸೀರೆಯ ಸೆರಗು. ಟ್ರಂಕಿನ ತಳದಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಎಂದು ಕತ್ತರಿಸಿಬಿಟ್ಟಿದ್ದ. ರಾಯವ್ವ ನೋಡಿದಳು, ಒಂದು ಮಾತನ್ನೂ ಆಡಲಿಲ್ಲ. ಎಂಟು ದಿನ ಒಂದು ಮಾತನ್ನೂ ಆಡಲಿಲ್ಲ. ಒಂಬತ್ತನೆಯ ದಿನ ಮಗಳು ಪ್ರಜ್ಞಾಳ ಮುಂದೆ "ನಿಮ್ಮಪ್ಪಗ ಹೇಳು, ಉಪ್ಪು ಮುಗದೈತಿ" ಎಂದಳು. ಗಂಡ ಪಕ್ಕದಲ್ಲೇ ಕೂತಿದ್ದ. ಅವತ್ತಿನಿಂದ ರಾಯವ್ವ ಬೋಟಿನ ವಿಷಯವನ್ನು ಬಾಯಿಗೆ ತಂದವಳಲ್ಲ. ಉಗರಗೋಳದಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಹಾದಿಯ ಬದಿಗೆ ಅವಳದು ಬಳೆ, ಕುಂಕುಮ, ಭಂಡಾರದ ಸಣ್ಣ ಅಂಗಡಿ. ನಾಲ್ಕು ಕೋಲು, ಮೇಲೆ ಹೊದಿಕೆಗೊಂದು ತಾಡಪತ್ರಿ. ಬೆಳಿಗ್ಗೆ ಅವಳು ಮೂಡಣಕ್ಕೆ, ಅವನು ಪಡುವಣಕ್ಕೆ. ಸಂಜೆ ರೊಟ್ಟಿಯ ಮುಂದೆ ಭೇಟಿ.

ಪರಚುಬ್ದ ಎಂಬ ಪದ ಮಾತ್ರ ಎರಡೂ ದಂಡೆಯಲ್ಲಿ ಬೇರು ಬಿಟ್ಟಿತು. ಅತ್ತೆ ಸಿಟ್ಟಾದರೆ ಸೊಸೆಯರು "ಇವತ್ತ ಮನ್ಯಾಗ ಪರಚುಬ್ದ ಐತಿ" ಎಂದರು. ಹೊಟ್ಟೆ ಕೆಟ್ಟವರು ಡಾಕ್ಟರ ಮುಂದೆ ಹೊಟ್ಟೆ ಪರಚುಬ್ದ ಎಂದರು. ಡಾಕ್ಟರು ಅದನ್ನೇ ಕೇಳಿ ಔಷಧ ಕೊಟ್ಟರು, ವಾಸಿಯೂ ಆಯಿತು. ಊರಿನ ಮಂದಿ ಬೋಟಿನವನಿಗೆ 'ಸಮುದ್ರದ ಸತ್ಯಪ್ಪ' ಎಂದು ಹೆಸರಿಟ್ಟರು. ಸಮುದ್ರವನ್ನು ಅವನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ.

ನಗದೇ ಇದ್ದವನು ಒಬ್ಬನೇ, ನೇರಲಗಡ್ಡಿಯ ಸೋಮಪ್ಪ. ಅರವತ್ತು ದಾಟಿದ, ಹೊಲಮನೆ ಚೆನ್ನಾಗಿದ್ದ, ಗಂಜಿ ಹಾಕಿದ ಬಿಳಿ ಟೋಪಿಯಿಲ್ಲದೆ ಹೊಸಿಲು ದಾಟದ ಹಿರಿಯ. ಕೆಂಪು ಬಾವುಟ ನೋಡಿ ಮೂರು ಸಲ ಮರಳಿ ಹೋಗಿದ್ದ. ಒಮ್ಮೆಯಂತೂ ಮೊಮ್ಮಗಳ ಹೆಸರಿಡುವ ಕಾರ್ಯಕ್ರಮ ತಪ್ಪಿಹೋಗಿ, ಅವನಿಲ್ಲದೆ ಅವನಿಗೆ ಸೇರದ ಹೆಸರನ್ನೇ ಇಟ್ಟುಬಿಟ್ಟಿದ್ದರು. ಆ ಕೂಸನ್ನು ಕರೆಯಬೇಕಾದಾಗಲೆಲ್ಲ ಅವನಿಗೆ ಸತ್ಯಪ್ಪನ ನೆನಪಾಗಿ ಮೈ ಉರಿಯುತ್ತಿತ್ತು. ಅವನ ಅಣ್ಣನ ಮಗ ಗೌರೀಶ ಹೊಸ ಫೈಬರ್ ಬೋಟು ತಂದು ಹಾಕಿದ್ದೇ ತಡ, ಸೋಮಪ್ಪ ಪಂಚಾಯ್ತಿಗೆ ಅರ್ಜಿ ಕೊಟ್ಟ: ಕಳೆದ ವರ್ಷ ಎಲೆಯೂ ಅಲುಗಾಡದ ನಲವತ್ಮೂರು ದಿನ ಬೋಟು ನಿಂತಿದೆ, ಪರವಾನಗಿಯನ್ನು ಗೌರೀಶನಿಗೆ ಕೊಡಬೇಕು.

ಪಂಚಾಯ್ತಿ ಕಟ್ಟೆಯಲ್ಲಿ ಎರಡೂ ದಂಡೆಯವರು ಸೇರಿದರು. ಪಿಡಿಒ ಸಾಹೇಬರು ಇಬ್ಬರನ್ನೂ ಕೇಳಿ ತೀರ್ಪು ಕೊಟ್ಟರು. ಅಕ್ಟೋಬರ್ ತಿಂಗಳು ಪರೀಕ್ಷೆ. ಆ ತಿಂಗಳು ಪೂರ್ತಿ ಸತ್ಯಪ್ಪನ ಬೋಟು ನಡೆಯಬೇಕು. ಕಾರಣವಿಲ್ಲದೆ ಒಂದು ದಿನ ನಿಂತರೂ ಪರವಾನಗಿ ಗೌರೀಶನದು.

"ಮೆಸೇಜ್ ಬಂದ್ರ ಏನ ಮಾಡ್ಲಿರಿ ಸಾಹೇಬ್ರ?" ಎಂದ ಸತ್ಯಪ್ಪ.

"ಬಂದಿದ್ರ ತಿಂಗಳ ಕಡೀಕ ತಂದ ತೋರಸ್ರಿ. ಮೆಸೇಜ್ ಇದ್ರ ತಪ್ಪಿಲ್ಲ. ಇಲ್ಲದ ನಿಲ್ಲಿಸಿದ್ರ ಮುಗೀತು."

ಸತ್ಯಪ್ಪ ಗೆದ್ದೆ ಎಂದುಕೊಂಡ. ಸರಕಾರ ತನ್ನ ಕಡೆಗಿದೆ, ಮೊಬೈಲು ಜೇಬಿನಲ್ಲಿದೆ. ಜಾಕೀಟಿನ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮನೆಗೆ ನಡೆದ.

ಪ್ರಜ್ಞಾ ಸವದತ್ತಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಜನರ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಿದ್ದಳು. ಊರವರ ಹೆಸರು, ಹುಟ್ಟಿದ ತಾರೀಖು, ಅಪ್ಪನ ಹೆಸರು ಎಲ್ಲದರ ತಪ್ಪು ತಿದ್ದುವುದರಲ್ಲಿ ಎತ್ತಿದ ಕೈ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅಪ್ಪನ ಪರವಾನಗಿಯ ಕಾಗದ ಸರಿ ಇರಲಿ ಎಂದು ಅವನ ನೋಂದಣಿ ತೆರೆದು ನೋಡಿದಳು. 'ಸಮುದ್ರ' ಎಂದಿತ್ತು. ಅಯ್ಯೋ ಎಂದುಕೊಂಡು 'ಒಳನಾಡು ಜಲಾಶಯ' ಎಂದು ತಿದ್ದಿದಳು. ಎಷ್ಟು ಸಹಜವಾಗಿ ತಿದ್ದಿದಳೆಂದರೆ ಮನೆಗೆ ಬಂದು ಹೇಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.

ಅಕ್ಟೋಬರ್ ಶುರುವಾಯಿತು. ಹುಣಸೆ ಮರದ ಮೇಲೆ ದಿನವೂ ಹಸಿರು ಖಣ ಹಾರಿತು. ಸತ್ಯಪ್ಪ ದಿನಕ್ಕೆ ಆರು ಸಲ ನೀರು ದಾಟಿದ. ಜನ ಹೊಗಳಿದರು. ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಅವನಿಗೂ ತಾನು ಧೈರ್ಯವಂತ ಎಂಬ ಸಣ್ಣ ಗುಮಾನಿ ಬಂದಿತ್ತು. ಆಮೇಲೊಂದು ಬೆಳಿಗ್ಗೆ ಚಹಾದಂಗಡಿಯ ಟಿವಿಯಲ್ಲಿ ಕಾರವಾರದ ಬಂದರು ಕಂಡಿತು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತವಂತೆ. ಸಾಲುಸಾಲಾಗಿ ದೋಣಿಗಳನ್ನು ದಂಡೆಗೆ ಎಳೆದು ಕಟ್ಟಿದ್ದರು. ಸತ್ಯಪ್ಪ ಮೊಬೈಲು ತೆಗೆದು ನೋಡಿದ. ಒಂದು ಸಾಲದ ಜಾಹೀರಾತು ಬಿಟ್ಟರೆ ಏನೂ ಇರಲಿಲ್ಲ. ಮೊಬೈಲನ್ನು ತೊಡೆಗೆ ಬಡಿದ, ಬಿಸಿಲಿಗೆ ಹಿಡಿದ, ಚಹಾದಂಗಡಿಯ ಮಡಿವಾಳೆಪ್ಪನಿಂದ ಒಂದು ಕರೆ ಮಾಡಿಸಿ ಪರೀಕ್ಷಿಸಿದ. ಮೊಬೈಲು ನೆಟ್ಟಗಿತ್ತು.

ಸಂಜೆ ಪ್ರಜ್ಞಾ ಮೊಬೈಲು ನೋಡಿ ನಕ್ಕಳು. "ಅಪ್ಪಾ, ಇನ್ನ ಬರೂದಿಲ್ಲದು. ನಾನ ಸರಿ ಮಾಡೇನಿ. ಈಗ ನೀ ಒಳನಾಡು."

"ಒಳನಾಡಿಗೆ ಯಾವ ಮೆಸೇಜ್ ಬರತೈತಿ?"

"ಒಳನಾಡಿಗೆ ಏನೂ ಬರೂದಿಲ್ಲ."

ಸತ್ಯಪ್ಪ ರೊಟ್ಟಿ ಮುರಿದವನು ಹಾಗೇ ಕುಳಿತ. ಏಳು ವರ್ಷ ತನ್ನ ಹೆಸರಿಗೆ ಬಂದದ್ದು ಯಾರೋ ಕಾಣದ ಸಮುದ್ರದ ಮಂದಿಗೆ ಬರೆದದ್ದು. 'ಜಾಗ್ರತೆಯಿಂದಿರಿ' ಎಂದದ್ದೂ ಅವರಿಗೇ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಇನ್ನು ಮುಂದೆ ಹೆದರಿಕೆಯಾದರೆ ಅವನೇ ಹೆದರಬೇಕು, ಸರಕಾರದ ಹೆಸರು ಹೇಳುವಂತಿಲ್ಲ. ರಾಯವ್ವ ಒಲೆಯ ಮುಂದಿನಿಂದ ಒಮ್ಮೆ ತಿರುಗಿ ಗಂಡನ ಮುಖ ನೋಡಿದಳು. ಇನ್ನೊಂದು ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

ಮುಂದಿನ ಏಳೆಂಟು ದಿನ ಅವನು ಬೋಟು ನಡೆಸಿದ ಪಾಡು ಅವನಿಗೇ ಗೊತ್ತು. ನೀರಿಗೆ ಇಳಿಯುವ ಮುನ್ನ ಪಡುವಣಕ್ಕೆ ಮುಖ ಮಾಡಿ ನಿಂತು, ಕಾರವಾರ ಇರಬಹುದಾದ ದಿಕ್ಕನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕಾರವಾರ ಕಾಣಿಸುತ್ತಿರಲಿಲ್ಲ. ಜಾಕೀಟಿನ ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿಕೊಂಡು ಹೊರಡುತ್ತಿದ್ದ.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಮಧ್ಯಾಹ್ನ ಮೂರು ಗಂಟೆ. ಸವದತ್ತಿಗೆ ಹೋಗಿದ್ದ ಸೋಮಪ್ಪ ಹೊಸ ಟೋಪಿ ಕೊಂಡು, ಅದನ್ನೇ ತಲೆಗಿಟ್ಟುಕೊಂಡು ದಂಡೆಗೆ ಬಂದ. ಅವನ ಹಿಂದೆ ಬುಟ್ಟಿಯಲ್ಲಿ ಎರಡು ಕೋಳಿ ಹಿಡಿದ ಕೃಷ್ಣವ್ವ. ಆಕಾಶ ತೊಳೆದಿಟ್ಟಂತಿತ್ತು. ಇಬ್ಬರೂ ಬೋಟು ಹತ್ತಿದರು. ಸತ್ಯಪ್ಪ ಹಗ್ಗ ಬಿಚ್ಚಬೇಕು, ಅಷ್ಟರಲ್ಲಿ ಮೊಬೈಲು ರಿಂಗಾಯಿತು. ರಾಯವ್ವ! ಅವಳು ಮಿಸ್ಡ್ ಕಾಲ್ ಕೊಡುವವಳೇ ಹೊರತು ಬೋಟಿನ ಹೊತ್ತಿನಲ್ಲಿ ಮಾತಾಡಿದವಳಲ್ಲ. ಆ ಕಡೆಯ ಗಾಳಿಯ ಸದ್ದಿಗೆ ಅವಳು ಕಿರಿಚುತ್ತಿದ್ದಳು. ಮೊಬೈಲಿನಿಂದ ದನಿ ದಂಡೆಗೆಲ್ಲ ಕೇಳುತ್ತಿತ್ತು.

"ಎಲ್ಲದೀರಿ?"

"ದಂಡಿ ಮ್ಯಾಗ. ಬೋಟ್ ಬಿಡಾಕತ್ತೇನಿ."

"ಬಿಡಬ್ಯಾಡ್ರಿ! ಪರಚುಬ್ದ ಐತಿ!"

"ಅಂಗಡ್ಯಾಗ ಎಲ್ಲಿ ಪರಚುಬ್ದ?"

"ನನ್ನ ತಾಡಪತ್ರಿ ಹಾರಿ ಬೇವಿನ ಗಿಡಕ್ಕ ಸಿಕ್ಕೈತಿ. ಬಳಿ ಡಬ್ಬಿ ಉಳ್ಳಿಕೋತ ನಿಮ್ಮ ಕಡೀಗೇ ಹೊಂಟಾವು. ಮೂಡಲಾಗ ಕರ್ರಗ ಎದ್ದೈತಿ!"

ಸತ್ಯಪ್ಪನಿಗೆ ಏಳು ವರ್ಷದ ರೂಢಿ ಬಾಯಿಗೆ ಬಂತು. "ಗಂಟೇಕ ಎಷ್ಟ ಕಿಲೋಮೀಟರ್?"

"ಕೇಳೂಣಂದ್ರ ಅದು ನಿಲ್ಲವಲ್ದು!" ಎಂದಳು ರಾಯವ್ವ. ಆಮೇಲೆ ದನಿ ಒಂದಿಷ್ಟು ತಗ್ಗಿತು. "ಆವತ್ತ ಮದಿವಿ ಮಂದಿ ಕರಕೊಂಡ ನಡುನೀರಾಗ ಸಿಕ್ಕಿದ್ರಲ್ಲ, ಆವತ್ತೂ ಮೊದಲ ಹಾರಿದ್ದ ನನ್ನ ತಾಡಪತ್ರಿ. ಕಾಲು ತಾಸಿಗೆ ನಿಮ್ಮಲ್ಲಿಗೆ ಬಂದಿತ್ತು. ಆವಾಗ ನನ್ನ ಕಡೆ ಫೋನ್ ಇರಲಿಲ್ಲ."

ಸತ್ಯಪ್ಪ ಮೊದಲ ಬಾರಿಗೆ ತಿರುಗಿ ಮೂಡಣಕ್ಕೆ ನೋಡಿದ. ಗುಡ್ಡದ ಆಚೆ ಕೆಮ್ಮಣ್ಣಿನ ಧೂಳು ಎದ್ದಿತ್ತು, ಅದರ ಮೇಲೆ ಕಪ್ಪು. ಇಷ್ಟು ವರ್ಷ ಅವನು ಕಾರವಾರವನ್ನು ಕಾಯುತ್ತ ಕುಳಿತಿದ್ದ. ಅವನನ್ನು ಹಿಡಿಯುವ ಗಾಳಿ ಬರುತ್ತಿದ್ದುದು ಬೆನ್ನ ಹಿಂದಿನಿಂದ, ಹೆಂಡತಿಯ ಅಂಗಡಿ ದಾಟಿ.

"ಇಳೀರಿ," ಎಂದ ಬೋಟಿನಲ್ಲಿದ್ದವರಿಗೆ. "ಬೋಟ್ ಇಲ್ಲ."

ಕೃಷ್ಣವ್ವ "ರಾಯವ್ವ ಹೇಳ್ಯಾಳಂದ್ರ ಖರೇ ಇರತೈತಿ" ಎಂದು ಕೋಳಿಗಳ ಸಮೇತ ಇಳಿದು, ಬೋಟಿನ ಸಾಮಾನಿಡುವ ತಗಡಿನ ಕೋಣೆ ಸೇರಿದಳು. ಸೋಮಪ್ಪ ಕೂತಲ್ಲಿಂದ ಅಲುಗಾಡಲಿಲ್ಲ.

"ಮೆಸೇಜ್ ತೋರಸು."

"ಮೆಸೇಜ್ ಬಂದಿಲ್ರಿ ಸೋಮಪ್ಪಾರ."

"ಮೊದಲ ಕಾರವಾರ ಅಂತಿದ್ದಿ, ಈಗ ನಿನ್ನ ಹೇಣ್ತಿ! ನಾ ಇಳಿಯೂದಿಲ್ಲ. ಇಲ್ಲೇ ಕುಂತಿರತೇನಿ. ಎಷ್ಟ ಹೊತ್ತು ನಿಲ್ಲಸ್ತಿ ನಿಲ್ಲಸು, ತಿಂಗಳ ಕಡೀಕ ನಿನ್ನ ಪರವಾನಗಿ ಗೌರೀಶಗ."

ಸತ್ಯಪ್ಪನಿಗೆ ಗೊತ್ತಿತ್ತು, ಅವನು ಹೇಳಿದ ಹಾಗೇ ಆಗುತ್ತದೆ. ಈಗ ಹಗ್ಗ ಬಿಚ್ಚಿದರೆ ಪರವಾನಗಿ ಉಳಿಯುತ್ತದೆ, ಬಿಚ್ಚದಿದ್ದರೆ ಅನ್ನ ಹೋಗುತ್ತದೆ. ಕೈ ಹಗ್ಗದ ಮೇಲಿತ್ತು. ಹತ್ತು ವರ್ಷ ಹೊಟ್ಟೆಯಲ್ಲಿದ್ದದ್ದು ಅವನಿಗೇ ತಿಳಿಯದಂತೆ ಬಾಯಿಗೆ ಬಂತು.

"ಸರಕಾರ ಏನೂ ಹೇಳಿಲ್ರಿ. ನಾ ಹೇಳಾಕತ್ತೇನಿ. ನನಗ ಹೆದರಿಕಿ ಆಗೈತಿ. ನನಗ ಈಜ ಬರೂದಿಲ್ಲ."

ಸೋಮಪ್ಪ ಕೂತಲ್ಲೇ ನೆಟ್ಟಗಾದ. ಬೋಟಿನವನಿಗೆ ಈಜು ಬಾರದೇ! ಇದಕ್ಕಿಂತ ಒಳ್ಳೆಯ ಸಾಕ್ಷಿ ಪಂಚಾಯ್ತಿಗೆ ಇನ್ನೇನು ಬೇಕು? ಜೇಬಿನಿಂದ ಮೊಬೈಲು ತೆಗೆದು ಆಚೆ ದಂಡೆಯ ಗೌರೀಶನಿಗೆ ಕರೆ ಮಾಡಿದ. "ಏ ಗೌರೀಶಾ, ನಿನ್ನ ಬೋಟ್ ತಗೊಂಡ ಈಗಿಂದೀಗ ಬಾ."

ನೇರಲಗಡ್ಡಿಯಿಂದ ಮೂಡಣದ ಆಕಾಶ ಚೆನ್ನಾಗಿ ಕಾಣುತ್ತಿತ್ತು.

"ಕಾಕಾ," ಎಂದ ಗೌರೀಶ, "ಇವತ್ತ ನಾ ತಲಿಗೆ ಎಣ್ಣಿ ಹಚ್ಚಕೊಂಡೇನಿ."

ಕರೆ ಕಡಿಯಿತು. ಅದೇ ಹೊತ್ತಿಗೆ ಗಾಳಿ ಬಂತು. ಬಂತು ಎನ್ನುವುದಕ್ಕಿಂತ ಮೈಮೇಲೆ ಬಿತ್ತು ಎಂದರೆ ಸರಿ. ಹುಣಸೆ ಮರದ ಹಸಿರು ಖಣ ಹರಿದು ಚೂರಾಯಿತು. ನೀರು ಎದ್ದು ದಂಡೆಗೆ ಬಡಿಯಿತು. ಕಟ್ಟಿದ ಬೋಟು ಹಗ್ಗ ಎಳೆಯುತ್ತ, ಮೂತಿ ಎತ್ತುತ್ತ, ಸೋಮಪ್ಪನನ್ನು ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ಉರುಳಿಸಿತು. ಹೊಸ ಟೋಪಿ ಮೊದಲು ಮೇಲಕ್ಕೆ ಹೋಯಿತು, ಆಮೇಲೆ ನೀರಿಗೆ ಬಿತ್ತು, ಗಂಜಿಯ ಗಟ್ಟಿತನಕ್ಕೆ ಮುಳುಗದೆ ಸಣ್ಣ ದೋಣಿಯ ಹಾಗೆ ಅಲೆಯ ಮೇಲೆ ಕುಣಿಯುತ್ತ ನೇರಲಗಡ್ಡಿಯ ಕಡೆಗೆ ಹೊರಟಿತು. ಆ ದಿನ ಸಾಗರ ದಾಟಿದ್ದು ಅದೊಂದೇ.

"ಸತ್ಯಪ್ಪಾ!" ಎಂದು ಸೋಮಪ್ಪ ಕೂಗಿದ. ಇಳಿಯಲು ನೋಡಿದರೆ ದಂಡೆ ಒಂದು ಗಳಿಗೆ ಕಾಲ ಕೆಳಗೆ, ಇನ್ನೊಂದು ಗಳಿಗೆ ದೂರ.

ಸತ್ಯಪ್ಪ ನೀರಿಗೆ ಇಳಿದ. ಮೊಣಕಾಲು, ತೊಡೆ, ಸೊಂಟ. ಬೋಟಿನ ಅಂಚನ್ನು ಒಂದು ಕೈಯಲ್ಲಿ ಹಿಡಿದ. ಇನ್ನೊಂದು ಕೈಯಿಂದ ಜಾಕೀಟು ಬಿಚ್ಚಿದ. ತಮ್ಮನ ಮದುವೆಯಲ್ಲೂ ಬಿಚ್ಚದ ಜಾಕೀಟು. ಅದನ್ನು ಸೋಮಪ್ಪನ ಕೊರಳಿಗೆ ಹಾಕಿ ಪಟ್ಟಿ ಬಿಗಿದ.

"ನಿನಗ?" ಎಂದ ಸೋಮಪ್ಪ.

"ನನ್ನ ಕಾಲು ನೆಲದ ಮ್ಯಾಗ ಅದಾವ್ರಿ. ಸುಮ್ಮ ಕುಂದರ್ರಿ, ಅಲಗ್ಯಾಡಬ್ಯಾಡ್ರಿ."

ಸೋಮಪ್ಪ ಸುಮ್ಮನೆ ಕುಳಿತ. ಸತ್ಯಪ್ಪನ ಭುಜವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದ. ಮಳೆ ಹೊಡೆಯತೊಡಗಿತು. ಎಷ್ಟೋ ಹೊತ್ತಿನ ಮೇಲೆ, ಬೋಳುತಲೆಯಿಂದ ನೀರಿಳಿಸಿಕೊಳ್ಳುತ್ತ, ಸತ್ಯಪ್ಪನ ಕಿವಿಗೆ ಮಾತ್ರ ಕೇಳುವಂತೆ ಹೇಳಿದ:

"ಈಜ ನನಗೂ ಬರೂದಿಲ್ಲೋ ಸತ್ಯಪ್ಪ. ಯಾರ ಮುಂದೂ ಹೇಳಬ್ಯಾಡ."

ಮೂವತ್ತೊಂದನೆಯ ತಾರೀಖು ಪಂಚಾಯ್ತಿ ಕಟ್ಟೆ ತುಂಬಿತ್ತು. ಸತ್ಯಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಪರವಾನಗಿ ಹೋಯಿತೆಂದು ಅವನು ಮನಸ್ಸಿನಲ್ಲೇ ಬೋಟನ್ನು ಮಾರಿಯೂ ಆಗಿತ್ತು. ಸೋಮಪ್ಪ ಎದುರಿಗೆ ಕುಳಿತಿದ್ದ. ತಲೆಯ ಮೇಲೆ ಅದೇ ಟೋಪಿ. ಗೌರೀಶ ದಂಡೆಯಲ್ಲಿ ಹೆಕ್ಕಿ ಒಣಗಿಸಿ ಕೊಟ್ಟಿದ್ದ, ಆಕಾರ ಮಾತ್ರ ಮೊದಲಿನಂತೆ ಉಳಿದಿರಲಿಲ್ಲ.

ಪಿಡಿಒ ಕಾಗದ ನೋಡಿದರು. "ಮೊನ್ನೆ ಮಧ್ಯಾಹ್ನ ಬೋಟ್ ನಿಂತೈತಿ. ಮೆಸೇಜ್ ಐತೇನು ಸತ್ಯಪ್ಪ?"

"ಇಲ್ರಿ," ಎನ್ನಲು ಸತ್ಯಪ್ಪ ಬಾಯಿ ತೆರೆದ.

"ಬಂದಿತ್ರಿ," ಎಂದ ಸೋಮಪ್ಪ.

ಎಲ್ಲರೂ ತಿರುಗಿ ನೋಡಿದರು. ಅರ್ಜಿ ಕೊಟ್ಟವನೇ ಅವನು.

"ನಾ ಅಲ್ಲೇ ಇದ್ದೆ. ನನ್ನ ಕಿವೀಲೆ ಕೇಳೇನಿ. ಬರದದ್ದಲ್ಲ, ಮಾತಾಡಿದ್ದು. ಹೆಣ್ಣುಮಗಳ ದನಿ. ಬೋಟ್ ಬಿಡಬ್ಯಾಡ್ರಿ, ಪರಚುಬ್ದ ಐತಿ ಅಂತ ಭಾಳ ಸ್ಪಷ್ಟ ಹೇಳಿದ್ರು."

"ಯಾವ ಕೇಂದ್ರದಿಂದ?" ಪಿಡಿಒ ಪೆನ್ನು ಎತ್ತಿದರು.

ಸೋಮಪ್ಪ ಒಂದು ಗಳಿಗೆ ಯೋಚಿಸಿದ. "ಉಗರಗೋಳ ಕೇಂದ್ರ."

ಅಂಥದೊಂದು ಕೇಂದ್ರ ಇದೆಯೇ ಎಂದು ಪಿಡಿಒ ಸಾಹೇಬರಿಗೆ ಅನುಮಾನ ಬಂದಿರಬೇಕು. ಆದರೆ ಮೊನ್ನೆಯ ಗಾಳಿಗೆ ಪಂಚಾಯ್ತಿ ಕಟ್ಟೆಯ ಮೇಲಿನ ಚಾವಣಿಯ ಎರಡು ತಗಡು ಹಾರಿದ್ದವು, ಅವರ ತಲೆಯ ಮೇಲೆ ಬಿಸಿಲು ನೇರ ಬೀಳುತ್ತಿತ್ತು. ಅವರು ಮೇಲೊಮ್ಮೆ ನೋಡಿ, ಉಗರಗೋಳ ಕೇಂದ್ರ ಎಂದೇ ಬರೆದುಕೊಂಡರು. ಪರವಾನಗಿ ಸತ್ಯಪ್ಪನ ಹೆಸರಿಗೇ ಉಳಿಯಿತು. ಹೊರಗೆ ಬಂದಾಗ ಸೋಮಪ್ಪ ಒಂದೇ ಮಾತು ಹೇಳಿದ: "ಬ್ಯಾಸಗಿ ಬರಲಿ. ಇಬ್ಬರೂ ಕೂಡೇ ಈಜ ಕಲಿಯೂಣು. ಮಂದಿ ಇಲ್ಲದ ಜಾಗಾದಾಗ."

ಪ್ರಜ್ಞಾಳಿಗೆ ಮನಸ್ಸು ಚುಚ್ಚುತ್ತಿತ್ತು. "ಅಪ್ಪಾ, ಬೇಕಂದ್ರ ಮತ್ತ ಸಮುದ್ರ ಅಂತ ಬರಸ್ತೇನಿ," ಎಂದಳು, ತಪ್ಪನ್ನು ತಿಳಿದೂ ತಿಳಿದೂ ಬರೆಯಲು ಒಪ್ಪಿದ್ದು ಅವಳ ಜೀವನದಲ್ಲಿ ಅದೇ ಮೊದಲು.

"ಬ್ಯಾಡ ಬಿಡವ್ವ," ಎಂದ ಸತ್ಯಪ್ಪ. "ಒಳನಾಡ ಇರಲಿ."

ಮಾರನೆಯ ದಿನ ಬೆಳಿಗ್ಗೆ ಅವನು ಬೋಟು ತೊಳೆಯುತ್ತಿದ್ದಾಗ ಮೊಬೈಲು ರಿಂಗಾಯಿತು. ಈ ಸಲ ಕಿರಿಚಾಟವಿರಲಿಲ್ಲ. ಹಿಂದೆ ಗುಡ್ಡದ ಗಂಟೆ, ಬಳೆಗಳ ಸದ್ದು.

"ನಾನು. ತಾಡಪತ್ರಿ ಅಲಗ್ಯಾಡವಲ್ದು. ಮೂಡಲ ಸ್ವಚ್ಛ ಐತಿ. ಬಿಡ್ರಿ ಬೋಟ್."

"ಹೂಂ," ಎಂದ ಸತ್ಯಪ್ಪ.

"ಮತ್ತ ಹಸರ ಖಣ ಹರದೈತಿ ಅಂತ ಪ್ರಜ್ಞಾ ಅಂದ್ಲು. ಇನ್ನೊಂದ ಐತಿ, ಸಂಜೀಕ ಕೊಡತೇನಿ. ಟ್ರಂಕಿಗೆ ಕೈ ಹಚ್ಚಬ್ಯಾಡ್ರಿ."

"ಇಲ್ಲ."

ಕರೆ ಕಡಿಯಲಿಲ್ಲ.

"ಜ್ವಾಕಿ ಇರ್ರಿ," ಎಂದಳು ರಾಯವ್ವ. ಅಷ್ಟು ಹೇಳಿ, ಅವನು ಏನಾದರೂ ಅನ್ನುವ ಮೊದಲೇ ಇಟ್ಟುಬಿಟ್ಟಳು.

ಸತ್ಯಪ್ಪ ಮೊಬೈಲನ್ನು ಕಿವಿಗೆ ಹಿಡಿದುಕೊಂಡೇ ಬೋಟಿನ ಅಂಚಿಗೆ ಕುಳಿತ. ಆಚೆ ದಂಡೆಯಲ್ಲಿ ನೇರಲಗಡ್ಡಿಯವರು ಲಗೂನ ಬಾ, ಲಗೂನ ಬಾ ಎಂದು ಕೈಬೀಸಿ ಕರೆಯುತ್ತಿದ್ದರು. ಈ ಸಂದೇಶ ಮಾತ್ರ ಬೇರೆ ಯಾರಿಗೂ ಬರೆದದ್ದಾಗಿರಲಿಲ್ಲ.